ಬಡತನವೇ ಮತಾಂಧತೆಗೆ ಕಾರಣವೇ?

ಯುವಕನೊಬ್ಬ ಧರ್ಮದ ಹೆಸರಿನಲ್ಲಿ ಹಿಂಸೆಗೆ ಇಳಿದ ಸುದ್ದಿ ಬಂದಾಗಲೆಲ್ಲ ನಾವು ಸಾಮಾನ್ಯವಾಗಿ ಮೂರು ಕಾರಣ ಕೊಡುತ್ತೇವೆ: ಬಡತನ, ವಿದ್ಯೆಯ ಕೊರತೆ, ಮನೆಯ ಸಂಸ್ಕಾರದ ದೋಷ. ಇದು ಎಷ್ಟು ನಿಜ ಎಂಬುದನ್ನು ಪರಿಶೀಲಿಸಬೇಕಾಗಿದೆ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲೂಕಿನ ಗೌರಸಮುದ್ರವನ್ನೇ ತೆಗೆದುಕೊಳ್ಳೋಣ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆ ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲೊಂದು. ಶೇಂಗಾ ಬೆಳೆ ಕೈಕೊಟ್ಟರೆ ಕೂಲಿ ಹುಡುಕಿಕೊಂಡು ಗುಳೆ ಹೋಗಬೇಕಾದ ಸ್ಥಿತಿ. ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಕರ್ನಾಟಕ, ಆಂಧ್ರಗಳಿಂದ ಅಪಾರ ಜನ ಸೇರುತ್ತಾರೆ. ಅವರಲ್ಲಿ ಬಡವರು ಬಹಳ. ಆದರೆ ಆ ಬಡತನ ಅವರ ಭಕ್ತಿಯನ್ನು ದ್ವೇಷವಾಗಿಸಿಲ್ಲ.

ಪಕ್ಕದ ದಾವಣಗೆರೆ 1997ರವರೆಗೆ ಇದೇ ಜಿಲ್ಲೆಯಲ್ಲಿತ್ತು. ಅಲ್ಲಿನ ಯು.ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವನು ಬೆಂಗಳೂರಿನ ಕಫೀಲ್ ಅಹಮದ್. ತಂದೆತಾಯಿ ವೈದ್ಯರು. ಮುಂದೆ ಬ್ರಿಟನ್ನಿನ ಬೆಲ್‌ಫಾಸ್ಟ್‌ನಲ್ಲಿ ಉನ್ನತ ವ್ಯಾಸಂಗ. 2007ರ ಜೂನ್ 30ರಂದು ಈತ ಗ್ಯಾಸ್ ಸಿಲಿಂಡರ್ ತುಂಬಿದ ಜೀಪನ್ನು ಗ್ಲಾಸ್ಗೋ ವಿಮಾನ ನಿಲ್ದಾಣದ ಬಾಗಿಲಿಗೆ ನುಗ್ಗಿಸಿದ. ಸುಟ್ಟಗಾಯಗಳಿಂದ ಆಗಸ್ಟ್ 2ರಂದು ಮೃತನಾದ. ಜೊತೆಗಿದ್ದ ಬಿಲಾಲ್ ಅಬ್ದುಲ್ಲಾ ಸ್ವತಃ ವೈದ್ಯ. ಇಲ್ಲಿ ಬಡತನವೂ ಇರಲಿಲ್ಲ, ವಿದ್ಯೆಯ ಕೊರತೆಯೂ ಇರಲಿಲ್ಲ.

ಇದು ಒಂದು ಧರ್ಮದ ಸಮಸ್ಯೆಯಲ್ಲ. 1995ರಲ್ಲಿ ಟೋಕಿಯೋದ ಸುರಂಗ ರೈಲುಗಳಲ್ಲಿ ವಿಷಾನಿಲ ಬಿಟ್ಟ ಓಂ ಶಿನ್ರಿಕ್ಯೋ ಪಂಥದವರಲ್ಲಿ ವೈದ್ಯರೂ ವಿಜ್ಞಾನ ಓದಿದವರೂ ಇದ್ದರು. ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್ ಮತ್ತು ಜಿತ್ಕಾ ಮಾಲೆಚ್ಕೋವಾ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೆಬನಾನಿನಲ್ಲಿ ಹತರಾದ 129 ಹಿಜ್ಬುಲ್ಲಾ ಸದಸ್ಯರು ಅಲ್ಲಿನ ಸಾಮಾನ್ಯ ಜನರಿಗಿಂತ ತುಸು ಹೆಚ್ಚು ಓದಿದವರು, ತುಸು ಕಡಿಮೆ ಬಡವರು ಎಂದು ಕಂಡುಬಂತು.

ನಮ್ಮ ಕರಾವಳಿಯನ್ನೂ ನೋಡಿಕೊಳ್ಳೋಣ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.57, ರಾಜ್ಯಕ್ಕೇ ಪ್ರಥಮ. ಚಿತ್ರದುರ್ಗದ್ದು ಸುಮಾರು ಶೇ. 74. ಆದರೂ 2008ರ ಸೆಪ್ಟೆಂಬರ್ 14ರಂದು ಚರ್ಚ್‌ಗಳ ಮೇಲೆ ದಾಳಿ ನಡೆದದ್ದು ಇದೇ ಮಂಗಳೂರಿನಲ್ಲಿ.

ಹಾಗಾದರೆ ಬಡತನ ಲೆಕ್ಕಕ್ಕಿಲ್ಲವೇ? ಖಂಡಿತ ಇದೆ. ಕೆಲಸವಿಲ್ಲದ, ಅವಮಾನ ಉಂಡ ಯುವಕನನ್ನು ಬಳಸಿಕೊಳ್ಳುವುದು ಸುಲಭ. ಆದರೆ 'ನಿನ್ನ ಧರ್ಮಕ್ಕೆ ಅನ್ಯಾಯವಾಗಿದೆ, ಸೇಡು ತೀರಿಸು' ಎಂಬ ಮಾತು ಹಸಿದವನಿಗೂ ಉಂಡವನಿಗೂ ನಾಟಬಲ್ಲದು. ಅದನ್ನು ಆಡುವ ಗೆಳೆಯರ ಬಳಗ ಅನೇಕ ವೇಳೆ ಸಿಗುವುದು ಮನೆ ಬಿಟ್ಟು ದೂರ ಹೋದಾಗ. ಆದ್ದರಿಂದ ಎಲ್ಲಕ್ಕೂ ಹೆತ್ತವರನ್ನೇ ದೂರುವುದು ಸರಿಯಲ್ಲ. ಬಂಧುವೆಂಬ ಕಾರಣಕ್ಕೆ ಶಂಕಿಸುವುದಂತೂ ತಪ್ಪು. ಕಫೀಲನ ಬಂಧು ಡಾ. ಮೊಹಮ್ಮದ್ ಹನೀಫ್ ಅವರನ್ನು ಆಸ್ಟ್ರೇಲಿಯಾದಲ್ಲಿ ಬಂಧಿಸಿ, 2007ರ ಜುಲೈಯಲ್ಲೇ ಆರೋಪ ಕೈಬಿಡಲಾಯಿತು. 2010ರಲ್ಲಿ ಅಲ್ಲಿನ ಸರಕಾರ ಪರಿಹಾರವನ್ನೂ ನೀಡಿತು.

ನಮ್ಮ ಮಕ್ಕಳೂ ಬೆಂಗಳೂರಿಗೆ, ಗಲ್ಫಿಗೆ, ಯುರೋಪಿಗೆ ಹೋಗುತ್ತಿದ್ದಾರೆ. ದ್ವೇಷದ ಮಾತು ಅವರ ಕಿವಿಗೂ ಬೀಳುತ್ತದೆ, ನಮ್ಮವರ ಬಾಯಿಂದಲೂ ಬರುತ್ತದೆ. ವಾಳೆಯ ಗುರಿಕಾರರು, ಕ್ರೈಸ್ತ ಶಿಕ್ಷಣ ನೀಡುವವರು ಮತ್ತು ಯುವ ಸಂಘಟನೆಗಳು ಮಾಡಬಹುದಾದ ಕೆಲಸ ಮೂರು. ಧರ್ಮದ ಬಗ್ಗೆ ಮಕ್ಕಳು ಕೇಳುವ ಕಷ್ಟದ ಪ್ರಶ್ನೆಗಳನ್ನು ಗದರಿಸಿ ಮುಚ್ಚದಿರುವುದು. ಅನ್ಯಧರ್ಮದ ಗೆಳೆಯರು ಮನೆಗೆ ಬಂದು ಹೋಗುವ ರೂಢಿ ಉಳಿಸುವುದು. ಊರು ಬಿಟ್ಟವರೊಡನೆ ಸಂಪರ್ಕ ಇಟ್ಟುಕೊಂಡು, ಯಾರಾದರೂ ಹಳೆಯ ಗೆಳೆಯರನ್ನೆಲ್ಲ ದೂರಮಾಡತೊಡಗಿದರೆ ಅವರೊಡನೆ ಕುಳಿತು ಮಾತಾಡುವುದು. ಮುಂದಿನ ವಾಳೆಯ ಸಭೆಯಲ್ಲೇ ಇದನ್ನು ಚರ್ಚೆಗೆ ತೆಗೆದುಕೊಳ್ಳಬಹುದಲ್ಲವೇ?