ಇತಿಹಾಸಕೋಶದಲ್ಲಿ ಊರ ಹೆಸರು: ಬೆಂಗಳೂರಿನ ಪಶ್ಚಿಮಭಾಗದ ನಿದರ್ಶನ

ಒಂದು ಸೀಮೆಯ ಇತಿಹಾಸಕೋಶವನ್ನು ಸಂಕಲಿಸತಕ್ಕವರು ಊರುಗಳನ್ನು ಯಾವ ಹೆಸರಿನ ಕೆಳಗೆ ನಿಲ್ಲಿಸಬೇಕೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕಾಗುವುದು. ಇದು ಅಲ್ಪವಿಷಯವೆಂದು ತೋರಬಹುದು. ಬೆಂಗಳೂರಿನ ಪಶ್ಚಿಮಭಾಗವನ್ನು ಕೈಗೆತ್ತಿಕೊಂಡವರಿಗೆ ಹಾಗೆ ತೋರದು.

ಈ ಸೀಮೆಗೆ ಮೂಲಾಧಾರವೆನಿಸಿದ ಗ್ರಂಥವು ಬಿ. ಎಲ್. ರೈಸರ 'ಎಪಿಗ್ರಾಫಿಯ ಕರ್ನಾಟಿಕ'ದ ಒಂಬತ್ತನೆಯ ಸಂಪುಟ. 1905ರಲ್ಲಿ ಪ್ರಕಟವಾದ ಇದರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರಾಗಿ ವಿಂಗಡಿಸಿ, ಸಂಖ್ಯೆಯೊಡನೆ ಕಲ್ಲಿರುವ ಊರನ್ನೂ ಹೇಳಿದೆ. ಆದರೆ ಅದರಲ್ಲಿ ರಾಜಾಜಿನಗರವನ್ನು ಹುಡುಕಿದರೆ ಸಿಕ್ಕುವುದೆಂತು? ಸಿ. ರಾಜಗೋಪಾಲಾಚಾರ್ಯರ ಹೆಸರನ್ನು ಹೊತ್ತ ಆ ಬಡಾವಣೆ ಹುಟ್ಟಿದುದೇ 1949ರಲ್ಲಿ. ಅಲ್ಲಿ ಕೇತಮಾರನಹಳ್ಳಿಯನ್ನೂ, ಬಸವೇಶ್ವರನಗರದಲ್ಲಿ ಸಾಣೇಗುರುವನಹಳ್ಳಿಯನ್ನೂ, ವಿಜಯನಗರದಲ್ಲಿ ಹೊಸಹಳ್ಳಿ, ಮಾರೇನಹಳ್ಳಿಗಳನ್ನೂ ತಿಳಿದವರೇ ಹಳೆಯ ದಾಖಲೆಗಳನ್ನು ತೆರೆಯಬಲ್ಲರು. ವಿಜಯನಗರದ ಮಾತಂತೂ ವಿನೋದಕರವಾದುದು. ಆ ಹೆಸರನ್ನು ವಿವರಣೆಯಿಲ್ಲದೆ ಅಕಾರಾದಿಯಲ್ಲಿ ಇಟ್ಟರೆ, ಓದುಗರು ನೇರವಾಗಿ ತುಂಗಭದ್ರೆಯ ದಡಕ್ಕೆ ಹೋಗಿ ನಿಲ್ಲುವರು!

ಬಡಾವಣೆ ಬೆಳೆದಂತೆ ಕಲ್ಲುಗಳು ಕದಲುತ್ತವೆ, ಕೆಲವು ಅಡಿಪಾಯಕ್ಕೂ ಇಳಿಯುತ್ತವೆ. ಅಂತಹ ಕಲ್ಲಿಗೂ ಅದರ ಸ್ಥಳಕ್ಕೂ ಉಳಿಯುವ ನಂಟು ಗ್ರಂಥದಲ್ಲಿನ ಹಳ್ಳಿಯ ಹೆಸರೊಂದೇ. ಆದುದರಿಂದ ಹಳ್ಳಿಯನ್ನೇ ಮುಖ್ಯ ಉಲ್ಲೇಖವಾಗಿಟ್ಟು, ಬಡಾವಣೆಯ ಹೆಸರಿನ ಕೆಳಗೆ "ಇದನ್ನು ನೋಡಿ" ಎಂಬ ಸೂಚನೆಯನ್ನು ಕೊಡುವುದೇ ಯುಕ್ತ.

ಆಡಳಿತವಿಭಾಗಗಳ ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ರೈಸರು ಬೆಂಗಳೂರು ಜಿಲ್ಲೆಯಲ್ಲಿ ಸೇರಿಸಿದ ಮಾಗಡಿ, ಚನ್ನಪಟ್ಟಣಗಳು 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೂ 2007ರಲ್ಲಿ ರಾಮನಗರ ಜಿಲ್ಲೆಗೂ ಸೇರಿದುವು. ಆ ಜಿಲ್ಲೆಗೇ 2025ರಲ್ಲಿ 'ಬೆಂಗಳೂರು ದಕ್ಷಿಣ' ಎಂದು ನಾಮಾಂತರವಾಯಿತು. ಇತ್ತ ಕೆಂಗೇರಿಯು ಬೆಂಗಳೂರು ನಗರ ಜಿಲ್ಲೆಯೊಳಗಣ ಬೆಂಗಳೂರು ದಕ್ಷಿಣ ತಾಲ್ಲೂಕಿನ ಹೋಬಳಿ. ವರ್ಷವನ್ನು ನಮೂದಿಸದೆ 'ಬೆಂಗಳೂರು ದಕ್ಷಿಣ'ವೆಂದಷ್ಟೇ ಬರೆದರೆ ಎರಡು ಬೇರೆ ಪ್ರದೇಶಗಳು ಒಂದಾಗಿಬಿಡುವುವು. ಶಾಸನಸಂಖ್ಯೆಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಮೈಸೂರು ವಿಶ್ವವಿದ್ಯಾನಿಲಯವು 1972ರಿಂದ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ವಿಂಗಡಣೆ ಹಳೆಯದರಂತಿಲ್ಲವಾದ ಕಾರಣ, ಯಾವ ಆವೃತ್ತಿಯೆಂದು ಹೇಳದ ಸಂಖ್ಯೆ ಓದುಗರನ್ನು ದಾರಿ ತಪ್ಪಿಸುವುದು.

ಇನ್ನುಳಿದುದು ಸ್ಥಳನಾಮಗಳ ವ್ಯುತ್ಪತ್ತಿ. ಕೆಂಗೇರಿ ಎಂಬುದನ್ನು ಕೆಂ, ಕೇರಿ ಎಂದು ಬಿಡಿಸಿದರೆ ಆದೇಶಸಂಧಿಯೇನೋ ಒಪ್ಪುವುದು. ಅಷ್ಟರಿಂದಲೇ ಅರ್ಥವು ಸಿದ್ಧಿಸಿತೆನ್ನಲಾಗದು. ನಗರದ ಹೆಸರೇ ಇದಕ್ಕೆ ಸಾಕ್ಷಿ. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದಕಾಳನ್ನು ಕೊಟ್ಟುದರಿಂದ ಬೆಂಗಳೂರಾಯಿತೆಂಬ ಕಥೆಯನ್ನು ಅರಿಯದವರಿಲ್ಲ. ಆದರೆ ನಗರದ ದಕ್ಷಿಣದಲ್ಲಿರುವ ಬೇಗೂರಿನ ವೀರಗಲ್ಲು, ಸುಮಾರು ಕ್ರಿ. ಶ. 890ರದು, ಬೆಂಗಳೂರಿನ ಕಾಳಗವನ್ನು ಹೆಸರಿಸಿಯೇ ಹೇಳುತ್ತದೆ. ಬಲ್ಲಾಳನು ಆಳಿದುದು ಅದಕ್ಕೆ ಸುಮಾರು ಮುನ್ನೂರು ವರ್ಷಗಳ ಅನಂತರ. ಕೋಶಕಾರರು ಕಥೆಯನ್ನು ಕೈಬಿಡಬೇಕಾಗಿಲ್ಲ. 'ಐತಿಹ್ಯ' ಎಂಬ ತಲೆಬರಹದ ಕೆಳಗೆ ಅದನ್ನು ಬೇರೆಯಾಗಿ ಕೊಟ್ಟರಾಯಿತು.