ಲೇಸರ್‌ನ ಕಾಲ ಮುಗಿದಿಲ್ಲ
ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲದ ಮೇಲೆ ಹೊಸ ರಕ್ತನಾಳಗಳು ಹಬ್ಬಿದಾಗ, ಕಣ್ಣೊಳಗೆ ಕೊಡುವ ಇಂಜೆಕ್ಷನ್ ಇರುವಾಗ ಲೇಸರ್ ಯಾಕೆ ಎಂಬ ಪ್ರಶ್ನೆ ಸಹಜ. ಲೇಸರ್ ಅಕ್ಷಿಪಟಲದ ಅಂಚನ್ನು ಸುಡುತ್ತದೆ. ಪಕ್ಕದ ನೋಟ, ಇರುಳಿನ ನೋಟ ಕೊಂಚ ಕುಗ್ಗಬಹುದು, ನಿಜ. ಅಕ್ಷಿಪಟಲದ ನಟ್ಟನಡುವೆ ಊತ ಬಂದು ದೃಷ್ಟಿ ಮಂಜಾಗಿದ್ದರೆ ಇಂಜೆಕ್ಷನ್ನೇ ಮೇಲು. ಆದರೆ ಅದರ ಪರಿಣಾಮ ಕೆಲವೇ ವಾರಗಳದ್ದು, ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕು. 2015ರಲ್ಲಿ ಅಮೆರಿಕದ ಅಧ್ಯಯನವೊಂದು ಇಂಜೆಕ್ಷನ್ ಲೇಸರ್‌ಗೆ ಸರಿಸಮ ಎಂದು ತೋರಿಸಿತು. ಆದರೆ ಅಲ್ಲಿನ ರೋಗಿಗಳು ತಪಾಸಣೆ ತಪ್ಪಿಸದಂತೆ ಸಂಶೋಧಕರ ನಿಗಾ ಇತ್ತು. 2019ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ, ಆರು ತಿಂಗಳಿಗೂ ಹೆಚ್ಚು ಕಾಲ ಆಸ್ಪತ್ರೆಗೆ ಬಾರದವರ ಪೈಕಿ, ಬರೀ ಇಂಜೆಕ್ಷನ್ ಪಡೆದವರ ಕಣ್ಣುಗಳೇ ಹೆಚ್ಚು ಹದಗೆಟ್ಟಿದ್ದವು. ದಿನಗೂಲಿ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ದೂರದ ಊರಿಗೆ ಬರಬೇಕಾದವರು ತಪಾಸಣೆ ತಪ್ಪಿಸುವುದು ಉದಾಸೀನದಿಂದಲ್ಲ. ಅಂಥವರಿಗೆ ಲೇಸರ್‌ ಅನ್ನೇ ಮೊದಲು ಸೂಚಿಸುವುದು ಹಿಂದುಳಿದ ಚಿಕಿತ್ಸೆಯಲ್ಲ.