ಪ್ರೋಟೀನು ಆರ್‌ಎನ್‌ಎಯನ್ನು ಹಿಡಿದ ಜಾಗ ತಿಳಿಯುವುದು ಹೇಗೆ?

ಪ್ರಶ್ನೆ: ಜೀವಕೋಶದೊಳಗೆ ಪ್ರೋಟೀನು ಆರ್‌ಎನ್‌ಎಯ ಯಾವ ಜಾಗಕ್ಕೆ ಅಂಟಿದೆ ಎಂದು ಹೇಗೆ ಪತ್ತೆ ಮಾಡುತ್ತಾರೆ?

ಉತ್ತರ: ಕೋಶವನ್ನು ಒಡೆದರೆ ಈ ನಂಟು ಕಳಚಬಹುದು, ಸಂಬಂಧವೇ ಇಲ್ಲದ ಆರ್‌ಎನ್‌ಎಗೂ ಪ್ರೋಟೀನು ಅಂಟಬಹುದು. ಅದಕ್ಕೇ ಕೋಶ ಜೀವಂತವಿರುವಾಗಲೇ 254 ನ್ಯಾನೋಮೀಟರ್ ಅಲೆಯುದ್ದದ ಅತಿನೇರಳೆ ಬೆಳಕು ಹಾಯಿಸಿ ಎರಡನ್ನೂ ಬಿಡಿಸಲಾಗದಂತೆ ಬೆಸೆಯುತ್ತಾರೆ. ಆಮೇಲೆ ಆರ್‌ಎನ್‌ಎಯನ್ನು ಕತ್ತರಿಸಿ, ಬೇಕಾದ ಪ್ರೋಟೀನನ್ನು ಪ್ರತಿಕಾಯದಿಂದ ಹೆಕ್ಕಿ, ಅದಕ್ಕೆ ಅಂಟಿದ ತುಣುಕನ್ನು ಡಿಎನ್‌ಎಗೆ ನಕಲಿಸಿ ಓದುತ್ತಾರೆ. ಕ್ಲಿಪ್ ಎಂಬ ಈ ವಿಧಾನವನ್ನು 2003ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಯೆರ್ನೆಯ್ ಉಲೆ, ರಾಬರ್ಟ್ ಡಾರ್ನೆಲ್ ಮತ್ತು ಸಂಗಡಿಗರು ಇಲಿಯ ಮಿದುಳಿನ ನೋವಾ ಪ್ರೋಟೀನಿನ ಮೇಲೆ ಮಾಡಿ ತೋರಿಸಿದರು.

ತೊಡಕಿದ್ದದ್ದು ನಕಲಿಸುವಲ್ಲಿ. ಪ್ರೋಟೀನನ್ನು ಕರಗಿಸಿದರೂ ಬೆಸುಗೆಯಲ್ಲಿ ಅದರ ಚೂರೊಂದು ಉಳಿಯುತ್ತದೆ. ನಕಲಿಸುವ ಕಿಣ್ವ ಬಹುಪಾಲು ಅಲ್ಲೇ ಮುಗ್ಗರಿಸುತ್ತದೆ. ಅರ್ಧಕ್ಕೆ ನಿಂತ ನಕಲುಗಳೆಲ್ಲ ಕೈತಪ್ಪುತ್ತಿದ್ದವು. 2010ರಲ್ಲಿ ಬಂದ ಐಕ್ಲಿಪ್ ಆ ಅರೆನಕಲುಗಳನ್ನೇ ಉಳಿಸಿಕೊಂಡಿತು. ನಕಲು ಎಲ್ಲಿ ನಿಂತಿತೆಂದು ನೋಡಿದರೆ ಬೆಸುಗೆಯ ಜಾಗ ಆರ್‌ಎನ್‌ಎಯ ಒಂದೊಂದು ಅಕ್ಷರದ (ನ್ಯೂಕ್ಲಿಯೋಟೈಡ್) ನಿಖರತೆಯಲ್ಲಿ ಸಿಗುತ್ತದೆ. ಅಡ್ಡಿಯನ್ನೇ ಗುರುತಾಗಿಸಿದ ಈ ಉಪಾಯ ನಿಜಕ್ಕೂ ಅದ್ಭುತ. 2016ರ ಇಕ್ಲಿಪ್ ವಿಧಾನ ತುಣುಕುಗಳ ನಷ್ಟವನ್ನು ಇನ್ನಷ್ಟು ತಗ್ಗಿಸಿತು.

ಆದರೂ ಅತಿನೇರಳೆ ಬೆಳಕು ಆರ್‌ಎನ್‌ಎಯ ಅಕ್ಷರಗಳಲ್ಲೊಂದಾದ ಯುರಿಡಿನ್ ಇರುವಲ್ಲೇ ಹೆಚ್ಚು ಬೆಸೆಯುತ್ತದೆ. ಹಾಗಾಗಿ ಹೀಗೆ ಸಿಕ್ಕ ಜಾಗಗಳ ನಕ್ಷೆಯಲ್ಲಿ ಗುರುತಿಲ್ಲದ ಕಡೆ ಪ್ರೋಟೀನು ಇಲ್ಲವೇ ಇಲ್ಲ ಎಂದುಕೊಳ್ಳಬೇಡಿ.